ಮೀಸೆಯ ಕೆಳಗೆ

ಬುಧವಾರ ಮಧ್ಯಾಹ್ನ ಎರಡೂವರೆ,
ಶಿವಮೊಗ್ಗದ ಆಸ್ಪತ್ರೆಯ ಮೂರನೇ ಮಹಡಿ.
ಒಂದು ಕಾಲು ಕುಂಟುವ ಮೇಜು; ಅದರಡಿಗೆ
ಮಡಚಿಟ್ಟ ಹಳೆಯ ರಕ್ತಪರೀಕ್ಷೆಯ ಲಕೋಟೆ.

ತುಟಿ ಹೊಲಿಯುವ ಪಿಂಟೊ ಡಾಕ್ಟರಿಗೆ ಮಗುವೆಂದರೆ
ಮೂಗಿನ ಕೆಳಗಿನ ಹನ್ನೆರಡು ಮಿಲಿಮೀಟರು.
ಹಲ್ಲಿನವರಿಗೆ, ಇನ್ನೂ ಹುಟ್ಟದ ಹಲ್ಲು.
ತಸ್ನೀಮ್ ಅವರಿಗೆ ಐಸ್ ಕರಗುವ ಮೊದಲು
ತಲುಪಬೇಕಾದ ಮೂರು ಎಂ.ಎಲ್. ರಕ್ತ.
ಲೆಕ್ಕದ ಉಡುಪರು ಮಗುವನ್ನು ನೋಡಿಯೇ ಇಲ್ಲ;
ಅವರ ಹಾಳೆಯಲ್ಲಿ ಅವಳು ನಲವತ್ತೇಳನೆಯ ಸಾಲು.
ನಾನು ವಂಶದ ನಕ್ಷೆ ಬರೆಯುವವಳು:
ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ,
ಸೀಳಿದ್ದರೆ ಒಳಗೆ ಕಪ್ಪು ತುಂಬು.
(ಹೆಣ್ಣಿಗೆ ಸೊನ್ನೆಯೇ ಯಾಕೆಂದು ಯಾರನ್ನೂ ಕೇಳಿಲ್ಲ.)

ಮಾತು ಕಲಿಸುವ ಮೇಘಮಾಲಾ ಮಾತ್ರ
ನೆಲದ ಮೇಲೆ ಕೂತು, ಮಗುವಿನೆದುರು
ಹತ್ತಿಯ ಉಂಡೆ ಊದುತ್ತಾಳೆ.
"ಅಪ್ಪ ಅನ್ನು."
ಅಂಗುಳಿನ ಬಿರುಕಿನಲ್ಲಿ ಉಸಿರು ಮೂಗಿಗೆ ಹಾರಿ
"ಅಮ್ಮ."
"ಅಲ್ಲ ಪುಟ್ಟಿ, ಅಪ್ಪ."
"ಅಮ್ಮ."
ಮೂಲೆಯ ಸ್ಟೂಲಿನಲ್ಲಿ ಜಲಜಾಕ್ಷಿ
ಪ್ರತಿ ಸಲವೂ ತನ್ನನ್ನೇ ಕರೆದಂತೆ ತಲೆ ಎತ್ತುತ್ತಾಳೆ.

"ಗ್ರಹಣದ ದಿನ ಗುಜ್ಜೆ ಹೆಚ್ಚಿದೆ ಮೇಡಂ,
ಬೇಡ ಅಂದರೂ ಹೆಚ್ಚಿದೆ."
ಅವಳು ನನಗೆ ಹೇಳಿದ ಮೊದಲ ಮಾತು ಇದು,
ಹೆಸರಿಗಿಂತ ಮುಂಚೆ.
ಹೊಸನಗರದಾಚೆಯ ಆ ಮನೆಯಲ್ಲಿ ಅತ್ತೆ
ಆ ಕತ್ತಿಯನ್ನು ಈಗಲೂ ಬೇರೆ ಮೊಳೆಗೆ ನೇತುಹಾಕುತ್ತಾರೆ.
ನನ್ನ ನಮೂನೆಯಲ್ಲಿ ಗ್ರಹಣಕ್ಕೆ ಕಾಲಂ ಇಲ್ಲ.
ಅಂಚಿನಲ್ಲಿ ಬರೆದುಕೊಂಡೆ, ಪೆನ್ಸಿಲಿನಲ್ಲಿ.

ಗಂಡನ ಕಡೆ? ಯಾರಿಗೂ ಇಲ್ಲ.
ಅತ್ತೆ ಬೆರಳು ಮಡಚಿ ಮೂರು ತಲೆ ಎಣಿಸಿದರು,
ಎಲ್ಲ ತುಟಿಯೂ ನೆಟ್ಟಗೆ.
ಖಾಲಿ ಚೌಕ, ಖಾಲಿ ಸೊನ್ನೆ, ಖಾಲಿ ಚೌಕ.
ಒಂದು ಅಕ್ಷರ ಬದಲಾಗಿದೆ, ಅಂದರು ತಸ್ನೀಮ್,
ತಾಯಿಯಲ್ಲಿಲ್ಲ; ತಂದೆ ತೋಳು ಚಾಚಲಿಲ್ಲ.
ಒಂಟಿ ಪ್ರಕರಣ, ಅಂದರು ಉಡುಪರು,
ಇಷ್ಟರಲ್ಲಿ ಏನೂ ಹೇಳಲಾಗದು.
ಪಿಂಟೊ ಗಡಿಯಾರ ನೋಡಿದರು.
ಮೂರು ಬುಧವಾರ ಹೀಗೇ ಹೋದವು.

ನಾಲ್ಕನೆಯದರಲ್ಲಿ,
ಐಸ್ ಡಬ್ಬಿ ಇಳಿಸಲು ಬಂದ ಡ್ರೈವರ್ ಫಯಾಜ್
ಬಾಗಿಲಲ್ಲೇ ನಿಂತು ಅಂದ:
"ಸಾರ್, ರಿಪ್ಪನ್‌ಪೇಟೆಯಲ್ಲಿ ಗಡ್ಡ ಮಾಡಿಸ್ತಿದ್ದೆ.
ಭಂಡಾರಿ ಶೇಷಪ್ಪ ಹೇಳ್ತಿದ್ದ,
ಕೊಲ್ಲಪ್ಪಜ್ಜ ನಲವತ್ತು ವರ್ಷದಿಂದ ಬರ್ತಾರಂತೆ,
ಮೀಸೆ ಮಾತ್ರ ಮುಟ್ಟಗೊಡೋದಿಲ್ವಂತೆ.
ಅವರಪ್ಪ ಸತ್ತಾಗ ತಲೆ ಕೊಟ್ಟರಂತೆ, ಮೀಸೆ ಕೊಡಲಿಲ್ಲ."

ಮೇಜು ಸುಮ್ಮನಾಯಿತು.

ಮರುವಾರ ಪಿಂಟೊ ಡಾಕ್ಟರೂ ನಾನೂ ಹೋದೆವು.
ಅಜ್ಜ ಎಲ್ಲ ಕೇಳಿಸಿಕೊಂಡರು. ಅಂಗಳಕ್ಕೆ ಹೋಗಿ
ಎಲೆಯಡಿಕೆ ಉಗಿದು ಬಂದರು.
ಮೊಮ್ಮಗಳನ್ನು ತೊಡೆಗೆಳೆದುಕೊಂಡು
ಅವಳದೇ ತೋರುಬೆರಳಿನಿಂದ
ಮೀಸೆಯ ಬಲಗಡೆ ಎತ್ತಿದರು.
ಮೇಲ್ತುಟಿಗೆ ಒಂದು ಸಣ್ಣ ಕಚ್ಚು;
ಕೆಳತುಟಿಯಲ್ಲಿ ಎರಡು ಗುಳಿ, ಸೂಜಿ ಚುಚ್ಚಿದಷ್ಟು.
"ನಮ್ಮವ್ವ ಗ್ರಹಣದಲ್ಲಿ ಹುಲ್ಲು ಕೊಯ್ದಳಂತೆ.
ಸಾಯೋವರೆಗೂ ಅದನ್ನೇ ಅಂದರು ಅವಳಿಗೆ."
ಬಾಗಿಲಲ್ಲಿ ಅತ್ತೆ, ಇಷ್ಟು ವರ್ಷ ಸಂಸಾರ ಮಾಡಿ
ಆಗ ತಾನೇ ಆ ತುಟಿ ಕಂಡವರಂತೆ.

ಒಂದು ಚೌಕ ಕಪ್ಪಾಯಿತು.
ನಡುವಿನದಕ್ಕೆ ಚುಕ್ಕಿ ಇಟ್ಟೆ: ಹೊತ್ತಿರಬಹುದು, ತೋರುತ್ತಿಲ್ಲ.
ತಸ್ನೀಮ್ ಇನ್ನೂ ಖಚಿತ ಅನ್ನಲೊಪ್ಪಲಿಲ್ಲ,
ಅಜ್ಜನ ರಕ್ತ ಬರಲಿ ಅಂದರು.
ಉಡುಪರು ಕನ್ನಡಕ ತೆಗೆದು, ಒರೆಸಿ,
ಮಗುವಿನ ಹೆಸರೇನು ಅಂತ ಕೇಳಿದರು.

ಜಲಜಾಕ್ಷಿಗೆ ಹೇಳುವ ಕೆಲಸ
ಯಾರ ಶಾಸ್ತ್ರಕ್ಕೂ ಸೇರಿರಲಿಲ್ಲ.
ದೋಷ ಆ ಕಡೆಯದು ಅಂದರೆ
ಕತ್ತಿ ಇನ್ನೊಂದು ಮೊಳೆಗೆ ಹೋಗುತ್ತದೆ, ಅಷ್ಟೇ.
ಪಿಂಟೊ ಒಂದು ಪದ ಕೊಟ್ಟರು, ತಸ್ನೀಮ್ ಒಂದು,
ಮೇಘಮಾಲಾ ಎರಡನ್ನೂ ಹೊಡೆದುಹಾಕಿದಳು.
ಕೊನೆಗೆ ನಾನು ಹೇಳಿದ್ದು:
"ಇದು ಬಂದದ್ದು ತಂಗಿ, ಯಾರೂ ತಂದದ್ದಲ್ಲ."
ನಕ್ಷೆಯನ್ನೇ ನೋಡಿದಳು, ತುಂಬ ಹೊತ್ತು.
"ಹಾಗಾದರೆ ಗುಜ್ಜೆ..."
"ಗುಜ್ಜೆ ಪಲ್ಯಕ್ಕೆ" ಅಂದೆ.

ಅಷ್ಟರಲ್ಲಿ ನೆಲದ ಮೇಲೆ
ಹತ್ತಿಯುಂಡೆ ಅರ್ಧ ಗೇಣು ಉರುಳಿತು.
ಉಸಿರೋ, ಫ್ಯಾನಿನ ಗಾಳಿಯೋ?
ಮೇಘಮಾಲಾ ಎದ್ದು ಫ್ಯಾನ್ ಆರಿಸಿ ಬಂದು ಕೂತಳು.
"ಪುಟ್ಟಿ, ಇನ್ನೊಂದು ಸಲ."